ಇಲ್ಲದವರಿಗೆ ಹನ್ನೊಂದು ಪ್ಯಾರಾ, ಹಾಡಿದವರಿಗೆ ಒಂದು

ಪ್ರಿಯರೇ,

ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. 'ಪ್ರಕಟಿಸಲು ಸಾಧ್ಯವಾಗುತ್ತಿಲ್ಲ' ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಮನಸ್ಸು ಬರಲಿಲ್ಲ. ಎರಡು ಸಲ ಓದಿದೆ, ನಡುವೆ ಆ ಆಲ್ಬಮ್ಮನ್ನೂ ಪೂರ್ತಿ ಕೇಳಿದೆ. ಈಗಿರುವ ಹಾಗೆ ಹಾಕುವುದಿಲ್ಲ. ತಿದ್ದಿ ಕಳಿಸಿದರೆ ಹಾಕುತ್ತೇನೆ. ಏನು ತಿದ್ದಬೇಕು, ಯಾಕೆ ಎಂದು ಬಿಡಿಸಿ ಹೇಳುತ್ತೇನೆ. ಕೆಲವು ಮಾತು ಚುರುಕ್ ಎನ್ನಬಹುದು, ಸಹಿಸಿಕೊಳ್ಳಿ.

ನೀವು ಕಳಿಸಿರುವುದು ಇಂಗ್ಲೆಂಡಿನ ಪಂಕ್ (ಎಪ್ಪತ್ತರ ದಶಕದಲ್ಲಿ ಹುಟ್ಟಿದ ಒರಟು, ವೇಗದ ರಾಕ್ ಸಂಗೀತ) ಬ್ಯಾಂಡ್ ಬಝ್‌ಕಾಕ್ಸ್‌ನ 'ಸಾನಿಕ್ಸ್ ಇನ್ ದ ಸೋಲ್' ಆಲ್ಬಮ್ಮಿನ ವಿಮರ್ಶೆ. ('ಹೊಸ ಆಲ್ಬಂ' ಎಂದು ಬರೆದಿದ್ದೀರಿ. ಅದು ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಇಸವಿ ಹಾಕಿ, 'ಹೊಸ' ತೆಗೆಯಿರಿ.) ಹಾಡುಗಾರ ಪೀಟ್ ಶೆಲ್ಲಿ 2018ರ ಡಿಸೆಂಬರಿನಲ್ಲಿ, 63ನೆಯ ವಯಸ್ಸಿನಲ್ಲಿ, ಎಸ್ಟೋನಿಯಾದ ಟಾಲಿನ್‌ನಲ್ಲಿ ತೀರಿಕೊಂಡರು. ಅವರಿಲ್ಲದೆ ಆ ಬ್ಯಾಂಡ್ ಮಾಡಿದ ಮೊದಲ ಆಲ್ಬಂ ಇದು. ಗಿಟಾರ್ ನುಡಿಸುತ್ತಿದ್ದ ಸ್ಟೀವ್ ಡಿಗಲ್ ಇದರಲ್ಲಿ ಎಲ್ಲವನ್ನೂ ತಾವೇ ಹಾಡಿದ್ದಾರೆ. ನಿಮ್ಮ ವಾದ ಇಷ್ಟು: ದನಿ ಹೋಯಿತು, ಹೆಸರು ಉಳಿಯಿತು, ಇವರು ಶೆಲ್ಲಿ ಹೋದ ದಿನವೇ ಬಾಗಿಲು ಹಾಕಬೇಕಿತ್ತು.

ಲೇಖನದಲ್ಲಿ 12 ಪ್ಯಾರಾ ಇದೆ, ಎಣಿಸಿದೆ. ಅದರಲ್ಲಿ 11 ಶೆಲ್ಲಿಯವರಿಗೆ. ಆಲ್ಬಮ್ಮಿನ ಬಗ್ಗೆ ಒಂದು, ಅದೂ ಕೊನೆಯದಕ್ಕಿಂತ ಮೊದಲಿನದು, ಊಟ ಮುಗಿದ ಮೇಲೆ ನೆನಪಾಗಿ ಬಡಿಸಿದ ಹಾಗೆ. ನೀವು ಬರೆದಿರುವುದು ಶ್ರದ್ಧಾಂಜಲಿ. ಅದಕ್ಕೆ ವಿಮರ್ಶೆ ಎಂಬ ಚೀಟಿ ಅಂಟಿಸಿದ್ದೀರಿ. ಇಂಥದ್ದನ್ನು ನಾನೂ ಒಮ್ಮೆ ಬರೆದಿದ್ದೆ, ಬೇರೊಬ್ಬ ಹಾಡುಗಾರನ ಬಗ್ಗೆ. ಆಗಿನ ಸಂಪಾದಕರು ಒಂದಕ್ಷರ ಮುಟ್ಟದೆ ಅಚ್ಚು ಹಾಕಿಬಿಟ್ಟರು. ಆಮೇಲೆ ಎಷ್ಟೋ ವರ್ಷ ವಿಮರ್ಶೆ ಎಂದರೆ ಅದೇ ಎಂದುಕೊಂಡಿದ್ದೆ. ಆ ನಷ್ಟ ನಿಮಗೆ ಬೇಡ.

ಮೊದಲ ಸಾಲಿನಿಂದಲೇ ಬರೋಣ. '1976ರಲ್ಲಿ ಇಂಗ್ಲೆಂಡಿನ ಬೀದಿಬೀದಿಯಲ್ಲಿ ಬೆಂಕಿ ಹೊತ್ತಿಕೊಂಡಿತು, ಆ ಬೆಂಕಿಯ ಹೆಸರು ಪಂಕ್.' ಯಾವ ಬೀದಿ? ಯಾರು ಹಚ್ಚಿದ್ದು? ಈ ವಾಕ್ಯವನ್ನು ಯಾವ ಪಂಕ್ ಬ್ಯಾಂಡಿನ ಲೇಖನಕ್ಕೆ ಅಂಟಿಸಿದರೂ ಅಂಟುತ್ತದೆ, ಹಾಗಾಗಿ ಯಾವುದಕ್ಕೂ ಸೇರಿದ್ದಲ್ಲ. ಈ ಬ್ಯಾಂಡಿಗೇ ಸೇರಿದ ಕತೆ ಇದಕ್ಕಿಂತ ಎಷ್ಟೋ ರುಚಿಯಾಗಿದೆ. ಬೋಲ್ಟನ್ನಿನ ಕಾಲೇಜಿನಲ್ಲಿ ಇಬ್ಬರು ವಿದ್ಯಾರ್ಥಿಗಳು, ಶೆಲ್ಲಿ ಮತ್ತು ಹೋವರ್ಡ್ ಡೆವೊಟೊ. 1976ರ ಫೆಬ್ರವರಿಯಲ್ಲಿ 'ಎನ್‌ಎಂಇ' ಎಂಬ ಸಂಗೀತ ಪತ್ರಿಕೆಯಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಹೊಸ ಬ್ಯಾಂಡಿನ ಕಾರ್ಯಕ್ರಮದ ವರದಿ ಓದುತ್ತಾರೆ. ಓದಿ, ಅವರನ್ನು ಕಣ್ಣಾರೆ ನೋಡಲೇಬೇಕೆಂದು ಲಂಡನ್ ಕಡೆಗೆ ಹೊರಡುತ್ತಾರೆ. ನೋಡಿಬಂದವರು ಸುಮ್ಮನಿರದೆ, ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಅದೇ ಬ್ಯಾಂಡನ್ನು ಕರೆಸಿ ಕಾರ್ಯಕ್ರಮ ಮಾಡಿಸುತ್ತಾರೆ. 'ಬಝ್‌ಕಾಕ್ಸ್' ಎಂಬ ಹೆಸರು ಸಿಕ್ಕಿದ್ದೂ 'ಟೈಮ್ ಔಟ್' ಪತ್ರಿಕೆಯಲ್ಲಿ, ಒಂದು ಟಿವಿ ಧಾರಾವಾಹಿಯ ವಿಮರ್ಶೆಯ ತಲೆಬರಹದಲ್ಲಿ. ಗಮನಿಸಿದಿರಾ? ಒಂದು ಪತ್ರಿಕೆಯ ಬರಹ ಈ ಬ್ಯಾಂಡನ್ನು ಹುಟ್ಟಿಸಿತು, ಇನ್ನೊಂದು ಹೆಸರಿಟ್ಟಿತು. ವಿಮರ್ಶೆ ಬರೆಯಲು ಕೂತವರು ಇದನ್ನು ಬಿಟ್ಟು ಬೀದಿಯ ಬೆಂಕಿಗೆ ಹೋಗುತ್ತಾರೆಯೇ?

ಜೂನ್ 4ರ ಆ ಸಂಜೆಯಲ್ಲಿ ಇನ್ನೊಂದು ಸಂಗತಿಯಿದೆ, ನಿಮ್ಮ ಲೇಖನಕ್ಕೆ ನೇರವಾಗಿ ಬೇಕಾದದ್ದು. ಡಿಗಲ್ ಆ ಹಾಲಿನ ಹೊರಗೆ ಬೇರೆ ಯಾರನ್ನೋ ಕಾಯುತ್ತ ನಿಂತಿದ್ದರು. ಪಿಸ್ಟಲ್ಸ್‌ನ ಮ್ಯಾನೇಜರ್ ಮಾಲ್ಕಮ್ ಮೆಕ್ಲಾರೆನ್, ಶೆಲ್ಲಿ ಎದುರುನೋಡುತ್ತಿದ್ದ ಬೇಸ್ ವಾದಕ ಇವನೇ ಇರಬೇಕೆಂದು ತಪ್ಪು ತಿಳಿದು, ಒಳಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದರು. ಹಾಗೆ ಆಕಸ್ಮಿಕವಾಗಿ ಒಳಗೆ ಬಂದ ಮನುಷ್ಯ 46 ವರ್ಷದ ನಂತರ ಆ ಬ್ಯಾಂಡನ್ನು ಒಬ್ಬನೇ ಹೊತ್ತು ನಿಂತಿದ್ದಾನೆ. ನಿಮ್ಮ ಲೇಖನದಲ್ಲಿ ಈ ಮನುಷ್ಯನ ಹೆಸರು ಮೂರು ಸಲ ಬರುತ್ತದೆ, ಮೂರು ಸಲವೂ 'ಶೆಲ್ಲಿಯ ಜಾಗಕ್ಕೆ ಬಂದ' ಎಂಬ ವಿಶೇಷಣದ ಜೊತೆ. ಅವರು ಎಲ್ಲಿಂದಲೂ ಬರಲಿಲ್ಲ. ಅಲ್ಲೇ ಇದ್ದರು.

'ಹೊಸಬರ ತಂಡ' ಎಂದು ಬರೆದಿದ್ದೀರಲ್ಲ, ಅದೂ ತಪ್ಪು. ಡ್ರಮ್ಸ್ ನುಡಿಸುವ ಡ್ಯಾನಿ ಫ್ಯಾರಂಟ್ 2006ರಿಂದ, ಬೇಸ್ ನುಡಿಸುವ ಕ್ರಿಸ್ ರೆಮಿಂಗ್ಟನ್ 2008ರಿಂದ ಇದ್ದವರು. ಶೆಲ್ಲಿ ಜೊತೆ ಇಬ್ಬರೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ನುಡಿಸಿದ್ದಾರೆ. ಇವರು ಹೊಸತಾಗಿ ಸೇರಿದವರಲ್ಲ, ಒಬ್ಬರು ಇಲ್ಲವಾದರು ಅಷ್ಟೇ. ಹೊಸಬರು ಸೇರುವುದು, ಒಬ್ಬರು ಇಲ್ಲವಾಗುವುದು, ಇವೆರಡೂ ಒಂದೇ ಎಂದುಕೊಂಡದ್ದರಿಂದ ನಿಮ್ಮ ಕಿವಿ ಹುಡುಕಬಾರದ್ದನ್ನು ಹುಡುಕಿದೆ.

ಇನ್ನು ನಿಮ್ಮ ಬೆನ್ನೆಲುಬಿನ ವಾಕ್ಯ: 'ಶೆಲ್ಲಿ ಎಂದರೆ ಬಝ್‌ಕಾಕ್ಸ್, ಬಝ್‌ಕಾಕ್ಸ್ ಎಂದರೆ ಶೆಲ್ಲಿ.' ಕೇಳಲು ಚೆನ್ನಾಗಿದೆ. ಆದರೆ ಇವರ ಮೊದಲ ರೆಕಾರ್ಡ್ ತೆಗೆದು ನೋಡಿ. 'ಸ್ಪೈರಲ್ ಸ್ಕ್ರ್ಯಾಚ್' ಇಪಿ (ಆಲ್ಬಮ್ಮಿಗಿಂತ ಚಿಕ್ಕ ರೆಕಾರ್ಡ್), ಜನವರಿ 1977. 500 ಪೌಂಡ್ ಸಾಲ ಮಾಡಿ, ತಮ್ಮದೇ ರೆಕಾರ್ಡ್ ಕಂಪನಿ ನ್ಯೂ ಹಾರ್ಮೋನ್ಸ್‌ನಲ್ಲಿ ಹೊರತಂದದ್ದು. ಅದರಲ್ಲಿ ಹಾಡಿರುವುದು ಡೆವೊಟೊ. ಶೆಲ್ಲಿ ಗಿಟಾರ್, ಡಿಗಲ್ ಬೇಸ್. ರೆಕಾರ್ಡ್ ಬಂದ ಕೆಲವೇ ದಿನಗಳಲ್ಲಿ ಡೆವೊಟೊ ಬಿಟ್ಟು ಹೋದರು, ಮುಂದೆ ಮ್ಯಾಗಝೀನ್ ಎಂಬ ಬ್ಯಾಂಡ್ ಕಟ್ಟಿದರು. ಆಗ ಶೆಲ್ಲಿ ಮೈಕಿನ ಮುಂದೆ ಬಂದರು, ಡಿಗಲ್ ಬೇಸ್ ಕೆಳಗಿಟ್ಟು ಗಿಟಾರ್ ಹಿಡಿದರು. ನೀವು ಕಳೆದುಕೊಂಡೆವೆಂದು ಮರುಗುತ್ತಿರುವ ಆ ದನಿ ಹುಟ್ಟಿದ್ದೇ ಒಬ್ಬ ಹಾಡುಗಾರ ಎದ್ದುಹೋದ ಖಾಲಿ ಜಾಗದಲ್ಲಿ. ಆ ದಿನ ನಿಮ್ಮಂಥ ಒಬ್ಬರು 'ಡೆವೊಟೊ ಎಂದರೆ ಬಝ್‌ಕಾಕ್ಸ್, ಬಾಗಿಲು ಹಾಕಿ' ಎಂದು ಬರೆದಿದ್ದರೆ?

ಇದನ್ನು ಎದುರುವಾದಕ್ಕಾಗಿ ಹೇಳುತ್ತಿಲ್ಲ. ಆಳು ಬದಲಾದಾಗ ಕೆಲವು ಬ್ಯಾಂಡ್ ಕೆಡುತ್ತವೆ. 1983ರಲ್ಲಿ ಗಿಟಾರ್ ವಾದಕ ಮಿಕ್ ಜೋನ್ಸ್‌ರನ್ನು ಹೊರಹಾಕಿದ ಮೇಲೆ ಕ್ಲ್ಯಾಶ್ ಎಂಬ ಪಂಕ್ ಬ್ಯಾಂಡ್ ಮಾಡಿದ 1985ರ ಆಲ್ಬಮ್ಮನ್ನು ಆ ಬ್ಯಾಂಡಿನ ಅಭಿಮಾನಿಗಳೇ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅತ್ತ ಅಮೆರಿಕದ ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡಿಗೆ ಹೆನ್ರಿ ರಾಲಿನ್ಸ್ ನಾಲ್ಕನೆಯ ಹಾಡುಗಾರ. ಅವರು ಸೇರಿದ 1981ರಲ್ಲೇ ಬ್ಯಾಂಡಿನ ಮೊದಲ ಪೂರ್ಣ ಆಲ್ಬಂ ಬಂತು, ಇವತ್ತು ಆ ಬ್ಯಾಂಡ್ ಎಂದರೆ ಬಹಳಷ್ಟು ಜನರ ಕಿವಿಗೆ ಬರುವುದು ಅದೇ ದನಿ. ಎರಡೂ ಆಗುತ್ತದೆ. ಯಾವುದಾಯಿತು ಎಂದು ತಿಳಿಯಲು ಕೇಳಬೇಕು, ಬೇರೆ ದಾರಿಯಿಲ್ಲ.

ಹಾಗಾದರೆ ಕೇಳಬೇಕಾದದ್ದು ಏನನ್ನು? ನಿಮ್ಮ ಲೇಖನದ ನಿಜವಾದ ವಸ್ತು ಇಲ್ಲಿದೆ ಎಂದು ನನಗನಿಸುತ್ತದೆ, ಸ್ವಲ್ಪ ನಿಧಾನವಾಗಿ ಓದಿ.

ಶೆಲ್ಲಿಯವರದು ಮೇಲುಸ್ಥಾಯಿಯ, ತುಸು ಮೂಗಿನ ದನಿ. ಗಿಟಾರ್ ಎಷ್ಟೇ ಅಬ್ಬರಿಸಲಿ, ಹಾಡುವವನ ಅಳು ಗಂಟಲಲ್ಲೇ ನಿಂತಿದೆ ಅನಿಸುವ ದನಿ. ಡಿಗಲ್‌ರದು ಒರಟು, ಗಡಸು. 1979ರ 'ಹಾರ್ಮನಿ ಇನ್ ಮೈ ಹೆಡ್' ಸಿಂಗಲ್ (ಬಿಡಿಯಾಗಿ ಬಂದ ಹಾಡು) ಅವರದೇ ಬರಹ, ಅವರದೇ ಹಾಡುಗಾರಿಕೆ. ಆ ಗೊಗ್ಗರು ದನಿ ಬರಲೆಂದು ಸಿಗರೇಟಿನ ಮೇಲೆ ಸಿಗರೇಟು ಸೇದಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. (ಇಂಥ ವಿವರ ನಿಮ್ಮ ಇಡೀ ಲೇಖನದಲ್ಲಿ ಒಂದೂ ಇಲ್ಲ.) ಹಳೆಯ ಆಲ್ಬಮ್ಮುಗಳಲ್ಲಿ ಶೆಲ್ಲಿಯ ಹಾಡುಗಳ ನಡುವೆ ಡಿಗಲ್ ಹಾಡು ಬಂದರೆ ಮಾತಿನ ಮಧ್ಯೆ ಇನ್ನೊಬ್ಬ ಬಾಯಿ ಹಾಕಿದಂತೆ ಇರುತ್ತಿತ್ತು. ಶೆಲ್ಲಿ ಕೊರಗುತ್ತಿದ್ದರೆ ಡಿಗಲ್ ಗದರುತ್ತಿದ್ದರು. ಆ ಗದರಿಕೆಯಿಂದ ಕೊರಗಿಗೂ ಒಂದು ಅಂಚು ಬರುತ್ತಿತ್ತು.

'ಸಾನಿಕ್ಸ್ ಇನ್ ದ ಸೋಲ್'ನಲ್ಲಿ 11 ಹಾಡು, ಅಷ್ಟೂ ಗದರುವ ದನಿಯಲ್ಲೇ. ಮೊದಲ ಹಾಡು 'ಸೆನ್ಸಸ್ ಔಟ್ ಆಫ್ ಕಂಟ್ರೋಲ್' ಶುರುವಾದಾಗ ನನಗೆ ಖುಷಿಯಾಯಿತು. 67ರ ಮನುಷ್ಯ ಗಿಟಾರನ್ನು ಹೀಗೆ ಓಡಿಸಬಲ್ಲನೇ ಎಂದು. ಆರನೆಯ ಹಾಡಿನ ಹೊತ್ತಿಗೆ ಏನೋ ಕೊರತೆ. ನೀವು ಅದನ್ನು 'ಶೆಲ್ಲಿಯ ಕೊರತೆ' ಎಂದು ಬರೆದು ಮುಗಿಸಿದ್ದೀರಿ. ನಾನು ಹೇಳುವುದಾದರೆ, ಕೊರತೆ ಡಿಗಲ್ ಹಾಡುವುದರಲ್ಲಿ ಇಲ್ಲ, ಅವರಿಗೆ ಎದುರು ನಿಲ್ಲುವವರು ಯಾರೂ ಇಲ್ಲದ್ದರಲ್ಲಿ ಇದೆ. ಜಗಳವಾಡುವ ಜೊತೆಗಾರ ಇಲ್ಲದ ಮನೆಯಲ್ಲಿ ಒಬ್ಬರೇ ಗಟ್ಟಿಯಾಗಿ ಮಾತಾಡಿದ ಹಾಗೆ. ನೀವು ಇದನ್ನು ಒಪ್ಪಬೇಕೆಂದಿಲ್ಲ. ಆದರೆ ಒಪ್ಪದಿದ್ದರೆ ಯಾವ ಹಾಡಿನಲ್ಲಿ, ಎಲ್ಲಿ ನಿಮಗೆ ಬೇರೆ ಥರ ಕೇಳಿಸಿತು ಎಂದು ತೋರಿಸಿ.

ಈಗ ಭಾಷೆ. 'ಕಚ್ಚಾ ಎನರ್ಜಿ' ಐದು ಸಲ, 'ಬಂಡಾಯದ ಕಿಡಿ' ನಾಲ್ಕು ಸಲ. ಇವು ಓದುಗರಿಗೆ ಏನನ್ನೂ ಕೇಳಿಸುವುದಿಲ್ಲ. 'ಬೋರ್‌ಡಮ್' ಹಾಡಿನಲ್ಲಿ ಶೆಲ್ಲಿಯ ಗಿಟಾರ್ ಸೋಲೋ ಎರಡೇ ಎರಡು ಸ್ವರ, ಅವನ್ನೇ ಮತ್ತೆ ಮತ್ತೆ, ಕೇಳುವವರಿಗೆ ನಗು ಬರುವವರೆಗೆ. ಹೀಗೆಂದರೆ ಆ ಹಾಡನ್ನು ಕೇಳದವರಿಗೂ ಅದರ ತುಂಟತನ, ಬೇಜಾರು ಎರಡೂ ತಲುಪುತ್ತದೆ. ಐದು 'ಕಚ್ಚಾ'ಗಳ ಬದಲು ಇಂಥದ್ದೊಂದು ಹುಡುಕಿ. ನಮ್ಮ ಬಂಡಾಯ ಸಾಹಿತ್ಯಕ್ಕೂ ಪಂಕ್‌ಗೂ ಒಂದು ವಾಕ್ಯದಲ್ಲಿ ಗಂಟು ಹಾಕಿದ್ದೀರಿ, ಎರಡೂ ಎಪ್ಪತ್ತರ ದಶಕದವು ಎಂಬ ಒಂದೇ ಆಧಾರದ ಮೇಲೆ. ಆ ಗಂಟು ಬಿಚ್ಚಿಬಿಡಿ. ಬೇಕಿದ್ದರೆ ಅದರ ಬಗ್ಗೆ ಬೇರೆ ಲೇಖನ ಬರೆಯಿರಿ, ಓದಲು ನನಗೆ ಆಸೆಯಿದೆ.

ನನಗೆ ನಿಜವಾಗಿ ಸಿಟ್ಟು ಬಂದ ಜಾಗ ಒಂದಿದೆ. 1978ರ 'ಎವರ್ ಫಾಲನ್ ಇನ್ ಲವ್' ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೆಯ ಸ್ಥಾನಕ್ಕೆ ಏರಿದ, ಇವರ ಅತ್ಯಂತ ಹೆಸರಾದ ಹಾಡು. ಅದರ ಶೀರ್ಷಿಕೆಯನ್ನು 'ಪ್ರೀತಿಸಬಾರದವಳನ್ನು ಪ್ರೀತಿಸಿದ್ದೀಯಾ' ಎಂದು ಕನ್ನಡಕ್ಕೆ ತಂದಿದ್ದೀರಿ. ಆ 'ಅವಳು' ಎಲ್ಲಿಂದ ಬಂದಳು? ಶೆಲ್ಲಿ ಗಂಡು ಹೆಣ್ಣು ಇಬ್ಬರನ್ನೂ ಪ್ರೀತಿಸಿದವರು, ಅದನ್ನು ಮುಚ್ಚಿಟ್ಟವರಲ್ಲ. ಪ್ರೇಮಗೀತೆಗಳಲ್ಲಿ ಅವನು, ಅವಳು ಎಂಬ ಪದಗಳನ್ನು ಬೇಕೆಂದೇ ದೂರವಿಟ್ಟರು, ಕೇಳುವವರು ಯಾರಾದರೂ ಅದು ತಮ್ಮದೇ ಹಾಡು ಎಂದುಕೊಳ್ಳಲಿ ಎಂದು. ಕನ್ನಡದಲ್ಲಿ ಕ್ರಿಯಾಪದವೇ ಗಂಡೋ ಹೆಣ್ಣೋ ಹೇಳಿಬಿಡುತ್ತದೆ, ಅದು ನಮಗಿರುವ ತೊಡಕು. ಆದರೆ 'ನೀನು' ಏನನ್ನೂ ಬಿಟ್ಟುಕೊಡುವುದಿಲ್ಲ. 'ಪ್ರೀತಿಸಬಾರದವರನ್ನು' ಎಂದರೂ ಗುಟ್ಟು ಗುಟ್ಟಾಗಿಯೇ ಇರುತ್ತದೆ. ಹನ್ನೊಂದು ಪ್ಯಾರಾದಲ್ಲಿ ಶೆಲ್ಲಿಯನ್ನು ಹೊಗಳಿ, ಅವರು ಅಷ್ಟು ಜತನದಿಂದ ಕಾಪಾಡಿದ್ದನ್ನು ಒಂದು 'ಳ'ಕಾರದಲ್ಲಿ ಕೆಡವಿದ್ದೀರಿ. ಅಭಿಮಾನಿಯ ಕೈಯಲ್ಲಿ ಇದು ಆಗಬಾರದಿತ್ತು.

ಇಷ್ಟೆಲ್ಲ ಹೇಳಿಯೂ ತಿದ್ದಿ ಕಳಿಸಿ ಎನ್ನುತ್ತಿರುವುದಕ್ಕೆ ಕಾರಣ ಆ ಒಂಟಿ ಪ್ಯಾರಾ. ಅದರ ಒಳಗೆ ನೀವು ಹೀಗೆ ಬರೆದಿದ್ದೀರಿ: 'ಮೂರನೆಯ ಸಲ ಕೇಳುವಾಗ, ಮ್ಯಾಂಚೆಸ್ಟರ್ ರೇನ್ ಹಾಡು ಮುಗಿಯುವವರೆಗೂ ಶೆಲ್ಲಿ ನೆನಪಾಗಲೇ ಇಲ್ಲ. ನೆನಪಾದಾಗ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗಾಯಿತು.' ಬರೆದು, ಗಾಬರಿಯಾದವರಂತೆ ಮುಂದಿನ ಸಾಲಿನಲ್ಲೇ ಮತ್ತೆ ಶೆಲ್ಲಿಯ ಕಡೆಗೆ ಓಡಿದ್ದೀರಿ. ಯಾಕೆ ಓಡಿದಿರಿ? ಇಡೀ ಲೇಖನದಲ್ಲಿ ನೀವು ಕಿವಿಯಿಂದ ಬರೆದ ಎರಡು ವಾಕ್ಯ ಇವೇ. ಇದನ್ನು ಎತ್ತಿ ಮೊದಲ ಪ್ಯಾರಾ ಮಾಡಿ. ಇಷ್ಟದ ಹಾಡುಗಾರ ಸತ್ತ ಮೇಲೆ ಅವನ ಗೆಳೆಯನ ಹಾಡು ಇಷ್ಟವಾಗಿಬಿಟ್ಟರೆ ಆಗುವ ಆ ಅಪರಾಧಿ ಭಾವ, ಅದನ್ನು ಹಿಡಿದುಕೊಂಡು ಮುಂದೆ ನಡೆಯಿರಿ. ಶೆಲ್ಲಿ ಅಲ್ಲಲ್ಲಿ ತಾವಾಗಿಯೇ ಬರುತ್ತಾರೆ. 'ಬಾಗಿಲು ಹಾಕಬೇಕಿತ್ತು' ಎಂಬ ತೀರ್ಪು ಆಗಲೂ ಉಳಿದರೆ ಉಳಿಯಲಿ, ನನ್ನ ತಕರಾರಿಲ್ಲ.

ಬರೆಯುವ ಮೊದಲು ಒಂದು ಕೆಲಸ ಮಾಡಿ. ಶೆಲ್ಲಿ ಇದ್ದ ಕೊನೆಯ ಆಲ್ಬಂ 2014ರ 'ದ ವೇ'. ಅದರಲ್ಲಿ ಡಿಗಲ್ ಹಾಡಿದವನ್ನಷ್ಟೇ ಆರಿಸಿ ಒಂದರ ಹಿಂದೆ ಒಂದು ಕೇಳಿ. ಆಮೇಲೆ ತಡಮಾಡದೆ 2022ರ ಆಲ್ಬಂ ಹಾಕಿ. ಎಂಟು ವರ್ಷದಲ್ಲಿ ಆ ದನಿಗೆ ಏನಾಗಿದೆ, ವಯಸ್ಸು ಎಷ್ಟು, ದುಃಖ ಎಷ್ಟು, ಏನೂ ಆಗಿಲ್ಲವೇ, ಟಿಪ್ಪಣಿ ಮಾಡಿಕೊಳ್ಳಿ. ನಿಮ್ಮ ನಡುವಿನ ನಾಲ್ಕು ಪ್ಯಾರಾ ಅಲ್ಲೇ ಸಿಗುತ್ತದೆ.

900 ಪದ ಮೀರಬೇಡಿ. ಮುಂದಿನ ತಿಂಗಳ 10ರೊಳಗೆ ಬಂದರೆ ಅದೇ ಸಂಚಿಕೆಗೆ ನೋಡುತ್ತೇನೆ. ತಲೆಬರಹ ನನಗೆ ಬಿಡಿ. 'ಪಂಕ್ ಸತ್ತಿತು' ಅಂತೂ ಬೇಡ. 1978ರಲ್ಲೇ ಕ್ರಾಸ್ ಎಂಬ ಪಂಕ್ ಬ್ಯಾಂಡ್ ಆ ಮಾತನ್ನು ಹಾಡು ಮಾಡಿ ಮುಗಿಸಿದೆ.

ನಿಮ್ಮ
ಸಂಪಾದಕ