ಎದುರಿಗೆ ಕೂರಲು ಒಬ್ಬರು: ಪೋಕೆಮಾನ್ ಕಾರ್ಡ್ ಮತ್ತು ಒಂಟಿತನದ ಒಂದು ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಮನೆಯ ವಿವರ ಬದಲಿಸಿದೆ. ಬರೆಯಲು ಅವರ ಒಪ್ಪಿಗೆ ಇದೆ.)

ಸೋಮವಾರಪೇಟೆ ಕಡೆಯ ತೋಟದ ಮನೆಯ ಹುಡುಗ, ವಯಸ್ಸು 26. ಅಪ್ಪನ ಮಂಡಿ ಆಪರೇಷನ್ ಆದಮೇಲೆ ಕಾಫಿ ನೋಡಿಕೊಳ್ಳಲು ಬೆಂಗಳೂರಿನಿಂದ ಬಂದವರು ಇಲ್ಲೇ ಉಳಿದರು. ಮನಸ್ಸಿನ ತೊಂದರೆ ನೋಡುವ ನನ್ನ ಬಳಿಗೆ ಕರೆತಂದದ್ದು ತಾಯಿ. "ರಾತ್ರಿಯೆಲ್ಲಾ ಕಾರ್ಡ್ ಹಿಡ್ಕೊಂಡು ಕೂತಿರ್ತಾನೆ ಮೇಡಂ. ಇಸ್ಪೀಟ್ ಚಟ ಹತ್ತಿತೇನೋ ಅಂತ ಭಯ." ನಿದ್ದೆ ಬರುವುದು ಬೆಳಗಿನ ಜಾವ, ಊಟ ಅರ್ಧಂಬರ್ಧ, ನೆಂಟರ ಮದುವೆಗೂ ಹೋಗುವುದಿಲ್ಲ.

ಒಬ್ಬರೇ ಇದ್ದಾಗ ಅವರು ಹೇಳಿದ್ದು ಬೇರೆ. ಬೆಂಗಳೂರಿನಲ್ಲಿ ಭಾನುವಾರ ಮಧ್ಯಾಹ್ನ ಅದೇ ಐದಾರು ಜನ ಒಂದು ಮೇಜಿನಲ್ಲಿ ಕೂತು ಪೋಕೆಮಾನ್ ಕಾರ್ಡ್ ಆಡುತ್ತಿದ್ದರು. ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳ ಕಾರ್ಡುಗಳನ್ನು ಇಬ್ಬರು ಎದುರುಬದುರು ಕೂತು ಕಾದಾಡಿಸುವ ಆಟ ಅದು. ಈಗ ಮೊಬೈಲಿನಲ್ಲಿ ಆಡುತ್ತಾರೆ. ಅಲ್ಲಿ ಎದುರಾಳಿಗೆ ಕಳಿಸಲು ಸಿದ್ಧ ಚಿತ್ರಗಳಿವೆ, ಮಾತಿಲ್ಲ. "ಎಷ್ಟು ಗೆದ್ರೂ ಒಬ್ಬರ ಹೆಸರೂ ಗೊತ್ತಿಲ್ಲ" ಅಂದರು. ಬೇಜಾರಾದ ರಾತ್ರಿ ಬೂಸ್ಟರ್ ಪ್ಯಾಕ್ (ಕೆಲವು ಹೊಸ ಕಾರ್ಡುಗಳ ಮುಚ್ಚಿದ ಪೊಟ್ಟಣ) ಆರ್ಡರ್ ಮಾಡುತ್ತಿದ್ದರು.

ಖಿನ್ನತೆಯ ಪ್ರಶ್ನಾವಳಿ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 11 ಅಂಕ, ಅಂದರೆ ಮಧ್ಯಮ ಹಂತ. ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಇರಲಿಲ್ಲ. ಸಾಲ ಇಲ್ಲ, ಮುಚ್ಚಿಟ್ಟ ಖರ್ಚಿಲ್ಲ, ತೋಟದ ಕೆಲಸ ತಪ್ಪಿಸಿಲ್ಲ. ಆದ್ದರಿಂದ ಇದನ್ನು ಚಟ ಅನ್ನಲಿಲ್ಲ. ಕಾರ್ಡ್ ಕಿತ್ತಿಟ್ಟಿದ್ದರೆ ಅವರಿಗೆ ಉಳಿದಿದ್ದ ಒಂದೇ ನಂಟೂ ಹೋಗುತ್ತಿತ್ತು.

ತಾಯಿಗೆ ಆಟದ ಲೆಕ್ಕ ಬಿಡಿಸಿ ಹೇಳಿದ್ದಾಯಿತು. ಒಬ್ಬೊಬ್ಬರಿಗೆ 60 ಕಾರ್ಡಿನ ಡೆಕ್, ಅಂದರೆ ಕಟ್ಟು. ದಾಳಿಗೆ ಶಕ್ತಿ ಕೊಡುವ ಬೇಸಿಕ್ ಎನರ್ಜಿ ಕಾರ್ಡ್ ಬಿಟ್ಟು ಒಂದೇ ಹೆಸರಿನ ಕಾರ್ಡ್ 4ಕ್ಕಿಂತ ಹೆಚ್ಚು ಇಡುವಂತಿಲ್ಲ. ಕೈಗೆ 7, ಪಕ್ಕಕ್ಕೆ ಮುಚ್ಚಿಟ್ಟ 6 ಪ್ರೈಜ್ ಕಾರ್ಡ್. ಎದುರಿನವರ ಪೋಕೆಮಾನ್ ಸೋತಂತೆಲ್ಲ ತಮ್ಮ ಪ್ರೈಜ್ ಎತ್ತಿಕೊಳ್ಳುತ್ತ ಹೋಗುತ್ತಾರೆ, ಆರೂ ಮೊದಲು ಖಾಲಿ ಮಾಡಿದವರು ಗೆದ್ದರು. ಹಣ ಕಟ್ಟುವ ಮಾತೇ ಇಲ್ಲ. ಆದರೆ ತಾಯಿಯ ಭಯ ಪೂರ್ತಿ ಸುಳ್ಳೂ ಅಲ್ಲ. ಪ್ಯಾಕಿನ ಒಳಗೆ ಏನಿದೆ ಎಂದು ಒಡೆಯುವ ತನಕ ತಿಳಿಯದು, ಆ ಸೆಳೆತ ಲಾಟರಿಯದ್ದೇ. ಹಾಗಾಗಿ ಮೂರು ಮಾತು ಒಪ್ಪಿಕೊಂಡರು: ಬೇಕಾದ ಕಾರ್ಡನ್ನು ಬಿಡಿಯಾಗಿಯೇ ಕೊಳ್ಳುವುದು, ರಾತ್ರಿ ಅನಿಸಿದ್ದನ್ನು ಮರುದಿನ ತಿಂಡಿ ಆದಮೇಲೆ ಆರ್ಡರ್ ಮಾಡುವುದು, ತಿಂಗಳಿಗೊಂದು ಮಿತಿ ಬರೆದಿಡುವುದು.

ಇನ್ನು ಜನ. "ಕ್ಲಬ್ ಶುರು ಮಾಡ್ತೀನಿ" ಎಂದು ಹೊರಟಿದ್ದರು. ಬೇಡ ಅಂದೆ. ಮೊದಲಿಗೆ ಬೇಕಾದದ್ದು ಎರಡು ಡೆಕ್ಕು, ಒಂದು ಮೇಜು, ಬದಲಾಗದ ಒಂದು ಹೊತ್ತು. ಸ್ನೇಹ ಬೆಳೆಯುವುದು ಅದೇ ಮುಖವನ್ನು ಮತ್ತೆ ಮತ್ತೆ ನೋಡುವುದರಿಂದ. ಒಂದು ದಿನದ ದೊಡ್ಡ ಟೂರ್ನಮೆಂಟಿನಿಂದ ಅದು ಆಗುವುದಿಲ್ಲ. ಸಂತೆ ದಿನ ಆರಿಸಿದೆವು, ಹೇಗೂ ಸುತ್ತಲಿನ ತೋಟದವರು ಪೇಟೆಗೆ ಇಳಿಯುತ್ತಾರೆ. ಪರಿಚಯದ ಬೇಕರಿಯ ಹಿಂದಿನ ಮೇಜು, 3ರಿಂದ 5 ಗಂಟೆ. ಹಳ್ಳಿಯ ಕೊನೆ ಬಸ್ ಹಿಡಿಯಬೇಕಾದವರು ನಿರಾಳವಾಗಿ ಏಳುವಂತಿರಬೇಕು.

ಡೆಕ್ಕಿನ ವಿಷಯದಲ್ಲೇ ಹೆಚ್ಚು ಮಂದಿ ಎಡವುತ್ತಾರೆ. ತಮ್ಮ ಪಳಗಿದ ಡೆಕ್ ತಾವೇ ಹಿಡಿದು, ಉಳಿದ ಚೂರುಪಾರನ್ನು ಹೊಸಬರಿಗೆ ಕೊಟ್ಟು ಹತ್ತು ನಿಮಿಷಕ್ಕೆ ಸೋಲಿಸುತ್ತಾರೆ. ಹೊಸಬರು ಮತ್ತೆ ಬರುವುದಿಲ್ಲ. ಎರಡೂ ಡೆಕ್ ಸಮಬಲದ್ದಾಗಿರಬೇಕು, ಆಯ್ಕೆ ಹೊಸಬರದ್ದು. ಬ್ಯಾಟಲ್ ಅಕಾಡೆಮಿ ಎಂಬ ಡಬ್ಬಿಯಲ್ಲಿ 60 ಕಾರ್ಡಿನ 3 ಡೆಕ್ ಸಿದ್ಧವಾಗಿಯೇ ಬರುತ್ತವೆ, ಅದು ಸಾಕು. ಮೊದಲ ಆಟಕ್ಕೆ ಪ್ರೈಜ್ 6ರ ಬದಲು 3 ಇಟ್ಟರೆ ಬೇಗ ಮುಗಿಯುತ್ತದೆ, ಇನ್ನೊಂದು ಆಡುವ ಆಸೆ ಉಳಿಯುತ್ತದೆ. ಎರಡನೇ ಆಟದ ತನಕ ಇಬ್ಬರೂ ಕೈ ಕಾರ್ಡ್ ತೆರೆದಿಟ್ಟೇ ಆಡಬೇಕು. ತಪ್ಪು ನಡೆ ಹಾಕಿದರೆ ಮುಂದಿನ ಕಾರ್ಡ್ ಎಳೆಯುವ ತನಕ ವಾಪಸ್ ತೆಗೆದುಕೊಳ್ಳಲಿ. ಪ್ರತಿ ನಡೆಗೂ ತಿದ್ದುವುದು ಬೇಡ, ಕೇಳಿದಾಗ ಹೇಳಿ.

ಮಕ್ಕಳು ಬಂದರೆ ಒಂದು ನಿಯಮ ಗಟ್ಟಿ: ಮೊದಲ ದಿನ ಅದಲುಬದಲು ಇಲ್ಲ, ಆಮೇಲೂ ಮನೆಯವರ ಎದುರಿಗೆ, ಎರಡೂ ಕಾರ್ಡಿನ ಬೆಲೆ ನೋಡಿಯೇ. ಒಂದು ಹೊಳೆಯುವ ಕಾರ್ಡಿನ ಜಗಳ ಎರಡು ಮನೆಯ ಮಾತು ನಿಲ್ಲಿಸಬಲ್ಲದು.

ಕೊಡಗಿನ ಮಳೆಗೂ ಸಿದ್ಧತೆ ಬೇಕು. ತೇವಕ್ಕೆ ಫಾಯಿಲ್ ಕಾರ್ಡ್, ಅಂದರೆ ಹೊಳೆಯುವ ಕಾರ್ಡ್, ಬಿಲ್ಲಿನಂತೆ ಬಾಗುತ್ತದೆ. ಲೋಹದ ಪದರ ಹಾಗೇ ಇದ್ದು ಕಾಗದ ಮಾತ್ರ ಹಿಗ್ಗುವುದರಿಂದ ಹೀಗಾಗುತ್ತದೆ. ಬಾಗಿದ ಕಾರ್ಡ್ ಡೆಕ್ಕಿನ ನಡುವೆ ಗುರುತು ಸಿಕ್ಕಿ, ಮೋಸದ ಅನುಮಾನಕ್ಕೂ ದಾರಿಯಾಗುತ್ತದೆ. ಕಾರ್ಡ್ 63×88 ಮಿ.ಮೀ., 66×91ರ ಸ್ಲೀವ್ (ಒಂದೊಂದು ಕಾರ್ಡಿಗೂ ಹಾಕುವ ಪ್ಲಾಸ್ಟಿಕ್ ಕವರ್) ಸರಿಹೊಂದುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ.

ಮೊದಲೆರಡು ವಾರ ಯಾರೂ ಬರಲಿಲ್ಲ. ಹಾಗಾದರೂ ಮೇಜು ಬಿಡಬಾರದೆಂದು ಮೊದಲೇ ಮಾತಾಗಿತ್ತು. ಅವರು ಒಬ್ಬರೇ ಎರಡೂ ಕಡೆ ಆಡುತ್ತ ಕೂತರು. ಮೂರನೇ ವಾರ ಚಹಾ ಕುಡಿಯಲು ಬಂದ ಶಾಲೆಯ ಮೇಷ್ಟ್ರೊಬ್ಬರು "ಏನಪ್ಪಾ ಇದು, ಯಾರ ಜೊತೆ ಆಡ್ತಿದ್ದೀ?" ಎಂದು ಕೇಳಿ ಎದುರು ಕುರ್ಚಿ ಎಳೆದುಕೊಂಡರು. ಆಮೇಲೆ ಮೇಷ್ಟ್ರ ಮಗಳು, ನಂತರ ಮೆಕ್ಯಾನಿಕ್ ಹುಡುಗನೊಬ್ಬ. ಈಗ ನಾಲ್ಕು ಜನ, ಅದಕ್ಕಿಂತ ಹೆಚ್ಚಿಲ್ಲ. ಅಪ್ಪನನ್ನು ಮತ್ತೆ ಮಡಿಕೇರಿ ಆಸ್ಪತ್ರೆಗೆ ಒಯ್ಯಬೇಕಾದ ದಿನ ಜೀಪು ತಂದವನು ಆ ಮೆಕ್ಯಾನಿಕ್ಕೇ. ಹುಡುಗನ ಪಿಎಚ್‌ಕ್ಯೂ-9ರ ಈಚಿನ ಅಂಕ 6. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಅದಕ್ಕೆ ಬೇರೆಯಾಗಿ ಕೆಲಸ ನಡೆದಿದೆ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಆಗ ಸುಮ್ಮನೆ ನಿಲ್ಲಿಸಿದರೆ ಮುಗಿದೇಹೋಯಿತೆಂದು ತಿಳಿಯುತ್ತಾರೆ. ನಿಲ್ಲಿಸುವ ದಿನ, ಮತ್ತೆ ಕೂಡುವ ದಿನ ಎರಡನ್ನೂ ಮೊದಲೇ ಹೇಳಬೇಕು. ಬಿಡುವಿನಲ್ಲಿ ವಾರಕ್ಕೊಮ್ಮೆ ಒಬ್ಬರಿಗೆ ಫೋನು, ಆಟದ ಮಾತಿಗಲ್ಲದಿದ್ದರೂ ಸರಿ. ಮನಸ್ಸು ಎರಡು ವಾರಕ್ಕೂ ಹೆಚ್ಚು ಕುಸಿದೇ ಇದ್ದರೆ ಅಥವಾ ಸಾಯುವ ಯೋಚನೆ ಬಂದರೆ ಮೇಜಿನ ದಿನ ಬರಲೆಂದು ಕಾಯದೆ ವೈದ್ಯರನ್ನು ನೋಡಬೇಕು. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಹಗಲೂ ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಅವರ ಫೋನಿನಲ್ಲೂ ತಾಯಿಯ ಫೋನಿನಲ್ಲೂ ಸೇವ್ ಮಾಡಿಸಿದೆ.