ಹದಿನೈದು ಸಾವಿರ ಐವತ್ತು ಸಾವಿರವಾದ ರಾತ್ರಿ

ಕನ್ನಡ ಮಾಧ್ಯಮದಿಂದ ಬಂದ ನಿಮ್ಮ ನರ್ಸಿಂಗ್ ವಿದ್ಯಾರ್ಥಿನಿಯರು ಲ್ಯಾಬ್ ಫಲಿತಾಂಶವನ್ನು ವೈದ್ಯರಿಗೆ ಹೇಳುವಾಗ ತಡವರಿಸುತ್ತಾರೆ, ಸ್ಪೋಕನ್ ಇಂಗ್ಲಿಷ್ ತರಗತಿ ಇಟ್ಟರೆ ಸರಿಹೋದೀತೇ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ. ನನ್ನ ಇಂಗ್ಲಿಷ್ ಚೆನ್ನಾಗಿಯೇ ಇತ್ತು.

ಹದಿನಾಲ್ಕು ವರ್ಷಗಳ ಹಿಂದಿನ ಮಾತು. ಮಳೆಗಾಲ, ಡೆಂಗಿ ವಾರ್ಡು, ರಾತ್ರಿ ಪಾಳಿ. ನಲವತ್ತು ರೋಗಿಗಳಿಗೆ ನಾವಿಬ್ಬರು ನರ್ಸ್‌ಗಳು. ಒಂದೂವರೆಗೆ ಲ್ಯಾಬಿನಿಂದ ಫೋನ್ ಬಂತು. ಹತ್ತೊಂಬತ್ತರ ಹುಡುಗನೊಬ್ಬನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ; ತೀರಾ ಇಳಿದರೆ ರಕ್ತಸ್ರಾವದ ಅಪಾಯ) 'ಫಿಫ್ಟೀನ್ ಥೌಸಂಡ್' ಎಂದರು. ನನಗೆ ಕೇಳಿಸಿದ್ದು 'ಫಿಫ್ಟಿ ಥೌಸಂಡ್'. 'ಓಕೆ' ಎಂದು ಫೋನಿಟ್ಟೆ.

ಆ 'ಓಕೆ' ಎಲ್ಲಿಂದ ಬಂತು ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಬೆಳಗಿನ ಎಣಿಕೆ 62,000 ಇತ್ತು. ಸಂಜೆಗೆ ಸ್ವಲ್ಪ ಇಳಿದಿರುತ್ತದೆ ಎಂದು ಮನಸ್ಸು ಮೊದಲೇ ಲೆಕ್ಕ ಹಾಕಿಕೊಂಡಿತ್ತು. ಐವತ್ತು ಆ ಲೆಕ್ಕಕ್ಕೆ ಸರಿಯಾಗಿ ಕೂತಿತು. ಸರಿಯಾಗಿ ಕೂತದ್ದರಿಂದಲೇ ಅನುಮಾನ ಹುಟ್ಟಲಿಲ್ಲ. ಬರೆದುಕೊಂಡದ್ದು ಫೋನಿಟ್ಟ ಮೇಲೆ, ಅಂದರೆ ಕೇಳಿದ್ದನ್ನಲ್ಲ, ನೆನಪಾದದ್ದನ್ನು. ಲ್ಯಾಬಿನವರಿಗೆ ತಿರುಗಿ ಓದಿ ಹೇಳಲೂ ಇಲ್ಲ. 'ಹದಿನೈದು ಸಾವಿರವೋ ಐವತ್ತು ಸಾವಿರವೋ' ಎಂದು ಕನ್ನಡದಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕನ್ನಡದಲ್ಲಿ ಈ ಎರಡು ಸಂಖ್ಯೆಗಳು ಕಿವುಡರಿಗೂ ಒಂದೇ ಆಗಿ ಕೇಳಿಸುವುದಿಲ್ಲ. ಆದರೆ ಫೋನಿನಲ್ಲಿ ಕನ್ನಡ ಮಾತಾಡಿದರೆ ದಡ್ಡಿ ಎಂದುಕೊಂಡಾರು ಎಂಬ ಅಂಜಿಕೆ ನನಗಿತ್ತು. ನಿಮ್ಮ ಸ್ಪೋಕನ್ ಇಂಗ್ಲಿಷ್ ತರಗತಿ ಬೆಳೆಸುವುದು ಇದೇ ಅಂಜಿಕೆಯನ್ನು.

ಹುಡುಗನ ತಾಯಿ ಎದ್ದೇ ಇದ್ದರು. 'ಹೆದರಬೇಡಿ ಅಮ್ಮ, ಐವತ್ತು ಸಾವಿರ ಇದೆ' ಎಂದೆ. ಡ್ಯೂಟಿ ಡಾಕ್ಟರನ್ನು ಎಬ್ಬಿಸಲಿಲ್ಲ. ಐದು ಗಂಟೆಗೆ ಹುಡುಗನ ಒಸಡಿನಿಂದ ರಕ್ತ, ಆಮೇಲೆ ಕಪ್ಪು ಮಲ, ಅಂದರೆ ಹೊಟ್ಟೆಯೊಳಗೂ ರಕ್ತಸ್ರಾವ. ಮುದ್ರಿತ ವರದಿ ಬಂದದ್ದು ಆರಕ್ಕೆ. ಪ್ಲೇಟ್‌ಲೆಟ್ ಪಕ್ಕದ ಊರಿನಿಂದ ಬರಬೇಕಾಯಿತು. ನಾಲ್ಕು ದಿನ ಐಸಿಯುನಲ್ಲಿದ್ದು ಹುಡುಗ ಬದುಕಿದ. ತಾಯಿ ಬೈಯಲಿಲ್ಲ. 'ನೀವು ಐವತ್ತು ಎಂದಿರಲ್ಲ ಸಿಸ್ಟರ್' ಎಂದರು, ಅಷ್ಟೇ.

ಈಗ ನಾನೂ ಪಾಠ ಮಾಡುತ್ತೇನೆ. ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ ಮೊಬೈಲ್ ಕೊಡುತ್ತೇನೆ. ಉಳಿದವರು ವಾರ್ಡಿನ ಗದ್ದಲ ಎಬ್ಬಿಸಬೇಕು. ಕೇಳುವವಳು ರೋಗಿಯ ಹೆಸರು, ಐಪಿ ನಂಬರ್ (ಒಳರೋಗಿ ಸಂಖ್ಯೆ), ಅಂಕಿ, ಸಮಯ ಎಲ್ಲವನ್ನೂ ಮೊದಲು ಬರೆಯಬೇಕು, ಬರೆದದ್ದನ್ನೇ ನೋಡಿ ಓದಬೇಕು: 'ಒಂದು, ಐದು, ಹದಿನೈದು ಸಾವಿರ'. ಆಚೆಯವರು 'ಸರಿ' ಎನ್ನುವವರೆಗೆ ಫೋನ್ ಇಡುವಂತಿಲ್ಲ.

ವೈದ್ಯರಿಗೆ ಹೇಳಲು ಎಸ್‌ಬಿಎಆರ್ ಎಂಬ ನಾಲ್ಕು ಹಂತಗಳ ಕ್ರಮ ಕಲಿಸಿ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ. ಮಕ್ಕಳು ಮೂರನೆಯದರಲ್ಲೇ ನಿಂತುಬಿಡುತ್ತಾರೆ. 'ನೀವು ಈಗಲೇ ಬಂದು ನೋಡಬೇಕು ಸರ್' ಎನ್ನಲು ಬಾಯಿ ಬರುವುದಿಲ್ಲ. ಆ ಒಂದು ವಾಕ್ಯವನ್ನು ನಾನು ಗಟ್ಟಿಯಾಗಿ ಹೇಳಿಸುತ್ತೇನೆ, ಯಾವ ಭಾಷೆಯಲ್ಲಾದರೂ ಸರಿ.

ರೋಗಿಯ ಮುಂದೆ 'ನೆಗೆಟಿವ್ ಬಂದಿದೆ' ಎಂದು ಹೇಳಿ ಹೊರಡಬಾರದು. ಎಷ್ಟೋ ಜನರಿಗೆ ನೆಗೆಟಿವ್ ಎಂದರೆ ಕೆಟ್ಟದ್ದು. 'ಆ ಕಾಯಿಲೆ ಈ ಪರೀಕ್ಷೆಯಲ್ಲಿ ಕಾಣಿಸಿಲ್ಲ' ಎನ್ನಲಿ, ಏನು ತಿಳಿಯಿತು ಎಂದು ಅವರ ಬಾಯಿಂದಲೇ ಕೇಳಲಿ. ಎಚ್‌ಐವಿ ಫಲಿತಾಂಶವನ್ನಂತೂ ವಿದ್ಯಾರ್ಥಿನಿಯರು ಹಾಸಿಗೆಯ ಬಳಿ ಹೇಳುವಂತೆಯೇ ಇಲ್ಲ. ಅದು ಆಪ್ತಸಮಾಲೋಚಕರ ಕೋಣೆಯ ಮಾತು.

ಮುಂದಿನ ತರಗತಿಯಲ್ಲಿ ಲ್ಯಾಬಿನವರ ಪಾತ್ರವನ್ನು ನೀವೇ ವಹಿಸಿ. 'ಒಂದು ಸಲ ಹೇಳಿದರೆ ಕೇಳಿಸುವುದಿಲ್ಲವೇ' ಎಂದು ಗದರಿ. ಆಗಲೂ ಅವಳು ಅಂಕಿಯನ್ನು ಓದಿ ಮುಗಿಸುತ್ತಾಳೆಯೇ ನೋಡಿ. ನಡುವೆ ನಿಲ್ಲಿಸಿದರೆ ಮೊದಲಿನಿಂದ ಮಾಡಿಸಿ.