ಸೀಲ್ ಒಡೆದಿಲ್ಲ, ನಂಬರೂ ಸರಿಯಿದೆ. ಆದರೂ ಕಂಟೇನರ್‌ನಲ್ಲಿ ಹತ್ತು ಮೂಟೆ ಕಾಫಿ ಕಡಿಮೆ ಬಂದದ್ದು ಹೇಗೆ?

ಸೀಲ್ ಮುಟ್ಟದೆಯೇ ಬಾಗಿಲು ತೆರೆಯಬಹುದು, ಕಂಟೇನರ್ ಕಳ್ಳರಿಗೆ ಇದು ಹಳೆಯ ವಿದ್ಯೆ. ಬಲಬಾಗಿಲು ಮೊದಲು ತೆರೆಯುವಂಥದ್ದು, ಬೋಲ್ಟ್ ಸೀಲ್ (ಕತ್ತರಿಸಿಯೇ ತೆಗೆಯಬೇಕಾದ ಉಕ್ಕಿನ ಪಿನ್) ಕೂರುವುದು ಅದರ ಹಿಡಿಯಲ್ಲಿ. ಆ ಹಿಡಿಯನ್ನು ಬಾಗಿಲು ಬಿಗಿಯುವ ಲಾಕಿಂಗ್ ರಾಡಿಗೆ ಕೂಡಿಸಿರುವುದು ಒಂದು ರಿವೆಟ್. ಅದನ್ನು ಡ್ರಿಲ್ ಹಾಕಿ ತೆಗೆದರೆ ಹಿಡಿ ಸೀಲ್ ಸಮೇತ ಅಲ್ಲೇ ಉಳಿಯುತ್ತದೆ, ರಾಡ್ ತಿರುಗುತ್ತದೆ. ಕೆಲಸ ಮುಗಿದ ಮೇಲೆ ನಕಲಿ ರಿವೆಟ್ ಕೂರಿಸಿ ಬಣ್ಣ ಬಳಿದುಬಿಡುತ್ತಾರೆ. ಸೀಲುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 17712ರ 'ಎಚ್' (ಹೆಚ್ಚು ಭದ್ರತೆ) ಗುರುತಿನ ಗಟ್ಟಿ ಸೀಲಾಗಲಿ, ನಮ್ಮ ಕಸ್ಟಮ್ಸ್‌ನ ಆರ್‌ಎಫ್‌ಐಡಿ (ರೇಡಿಯೋ ಅಲೆಯಿಂದ ಓದುವ) ಇ-ಸೀಲಾಗಲಿ ಇದನ್ನು ಹಿಡಿಯಲಾರದು. ಸೀಲಿಗೆ ಏನೂ ಆಗಿರುವುದೇ ಇಲ್ಲವಲ್ಲ. ಮಾದಕವಸ್ತು ಒಳಗೆ ತುರುಕುವವರೂ ಇದೇ ದಾರಿ ಹಿಡಿಯುತ್ತಾರೆ, ಅದು ಕಳ್ಳತನಕ್ಕಿಂತ ದೊಡ್ಡ ತಲೆನೋವು.

ಮೊದಲು ಈಗಿನ ನಷ್ಟದ ಮಾತು. ಹಡಗಿನವರು ಕೊಡುವ ಸರಕಿನ ರಸೀದಿ ಬಿಲ್ ಆಫ್ ಲೇಡಿಂಗ್‌ನಲ್ಲಿ 'ಶಿಪ್ಪರ್ಸ್ ಲೋಡ್ ಅಂಡ್ ಕೌಂಟ್' (ತುಂಬಿದ್ದೂ ಎಣಿಸಿದ್ದೂ ಕಳಿಸಿದವರೇ) ಎಂದಿದ್ದು ಸೀಲ್ ಸರಿಯಿದ್ದರೆ, ಮೂಟೆ ತುಂಬಿದವರೇ ಕಡಿಮೆ ತುಂಬಿದ್ದಾರೆ ಎಂದು ಶಿಪ್ಪಿಂಗ್ ಲೈನ್ ಹೇಳುತ್ತದೆ. ನಿಮ್ಮ ಕೈಯಲ್ಲಿರುವ ಸಾಕ್ಷ್ಯ ತೂಕದ್ದು. 60 ಕಿಲೋದ ಹತ್ತು ಮೂಟೆ ಅಂದರೆ 600 ಕಿಲೋ, ಯಾವ ವೇಬ್ರಿಜ್‌ನಲ್ಲೂ ಎದ್ದು ಕಾಣುತ್ತದೆ. 2016ರ ಜುಲೈ 1ರಿಂದ ಕಡ್ಡಾಯವಾಗಿರುವ ವಿಜಿಎಂ ತೂಕ (ಹಡಗಿಗೇರಿಸುವ ಮುನ್ನ ಘೋಷಿಸುವ ತುಂಬಿದ ಕಂಟೇನರ್‌ನ ಒಟ್ಟು ತೂಕ), ಮಾಲು ಹೊರಟ ಮಂಗಳೂರು ಬಂದರಿನ ತೂಕದ ಚೀಟಿ, ಇಳಿದ ಬಂದರಿನ ತೂಕದ ಚೀಟಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಳುವಾದದ್ದು ಯಾವ ಹಂತದಲ್ಲಿ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮುಂದಿನ ಸಲ ಖಾಲಿ ಕಂಟೇನರ್ ಗೋದಾಮಿಗೆ ಬಂದ ಕೂಡಲೇ ರಿವೆಟ್‌ಗಳನ್ನು ನೋಡಿ. ಒಂದಕ್ಕೆ ಮಾತ್ರ ಹೊಸ ಬಣ್ಣ, ರಿವೆಟ್ ಇರಬೇಕಾದಲ್ಲಿ ನಟ್-ಬೋಲ್ಟ್, ಬೆರಳಲ್ಲೇ ತಿರುಗುವ ತಲೆ, ಇದರಲ್ಲಿ ಯಾವುದು ಕಂಡರೂ ಕಂಟೇನರ್ ವಾಪಸ್ ಕಳಿಸಿ. ಹಿಂಜ್ ಪಿನ್‌ಗಳನ್ನೂ ಬಿಡಬೇಡಿ. ಒಳಗೆ ಟೇಪ್ ಹಿಡಿಯಿರಿ: 20 ಅಡಿಯದ್ದರ ಒಳ ಉದ್ದ ಸುಮಾರು 5.9 ಮೀಟರ್. ಗಣನೀಯವಾಗಿ ಕಡಿಮೆ ಬಂದರೆ ಸುಳ್ಳು ಗೋಡೆ ಇದೆಯೆಂದು ಅನುಮಾನಿಸಿ.

ಸೀಲ್ ಹಾಕಿದ ಮೇಲೆ ನಂಬರನ್ನು ದಾಖಲೆಯೊಂದಿಗೆ ತಾಳೆ ನೋಡಿ, ಜೋರಾಗಿ ಎಳೆಯಿರಿ, ತಿರುಚಿ. ಪೂರ್ತಿ ಕೂರದ ಸೀಲ್ ಎಳೆದಾಗ ಕೈಗೇ ಬರುತ್ತದೆ. ಪಿನ್ ಕತ್ತರಿಸಿ, ತಿರುಪಿನ ಗೆರೆ ಕೊರೆದು ಮತ್ತೆ ಜೋಡಿಸಿದ್ದು ತಿರುಚಿದಾಗ ಬಿಚ್ಚಿಕೊಳ್ಳುತ್ತದೆ. ಇದರ ಜೊತೆಗೆ ನಡುವಿನ ಎರಡು ರಾಡ್‌ಗಳನ್ನು ಸುತ್ತಿ ಒಂದು ಕೇಬಲ್ ಸೀಲ್ (ಉಕ್ಕಿನ ತಂತಿಯದ್ದು) ಹಾಕಿಸಿ. ಬಿಗಿಯಾಗಿದ್ದರೆ ಹಿಡಿ ಕಿತ್ತರೂ ರಾಡ್ ತಿರುಗಿಸುವುದು ಕಷ್ಟ, ಸಡಿಲವಾಗಿದ್ದರೆ ಹಾಕಿಯೂ ಪ್ರಯೋಜನವಿಲ್ಲ. ನನ್ನ ಪ್ರಕಾರ ಸಣ್ಣ ರಫ್ತುದಾರರು ತಪ್ಪದೆ ಮಾಡಬೇಕಾದ ಖರ್ಚು ಇದೊಂದೇ. ಹೊರಡುವ ಮುನ್ನ ಸೀಲ್ ಮತ್ತು ರಿವೆಟ್‌ಗಳ ಫೋಟೋ ಹತ್ತಿರದಿಂದ ತೆಗೆದಿಡಿ.

ಇವತ್ತೇ ಮಾಡಬೇಕಾದ್ದು: ಮಾಲು ಕೈಸೇರಿದ 3 ದಿನದೊಳಗೆ ಖರೀದಿದಾರರಿಂದ ಶಿಪ್ಪಿಂಗ್ ಲೈನಿಗೆ ಲಿಖಿತ ನೋಟಿಸ್ ಹೋಗಲಿ. ಹೋಗದಿದ್ದರೆ ಮಾಲು ಸರಿಯಾಗಿ ತಲುಪಿತೆಂದೇ ಎಣಿಸುತ್ತಾರೆ, ಆಮೇಲೆ ಸಾಬೀತು ಮಾಡುವ ಹೊರೆ ನಿಮ್ಮದು. ವಿಮೆಯ ಸರ್ವೇಯರ್ ರಿವೆಟ್‌ಗಳನ್ನು ನೋಡುವ ತನಕ ಖಾಲಿ ಕಂಟೇನರ್ ಡಿಪೋಗೆ ಹೋಗಬಾರದು. ಹೋದರೆ ಅಲ್ಲಿ ದುರಸ್ತಿಯಾಗಿ ಇದ್ದ ಗುರುತೂ ಅಳಿಸಿಹೋಗುತ್ತದೆ.